ಕಾಗದದಲ್ಲಿ ಇಲ್ಲದ ಸೂಜಿ

ರಾಯಚೂರಿನ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕಿಟಕಿಯಲ್ಲಿ ನಾನು ಆರು ವರ್ಷ ಕೂತಿದ್ದೆ. ಯರಗೇರಾದಿಂದ ಬೆಳಗಿನ ಬಸ್ಸಿಗೆ ಬಂದು, ಸಂಜೆ ಬಸ್ಸಿಗೆ ತಿರುಗಿ ಹೋಗುತ್ತಿದ್ದೆ. ಕೆಲಸ ಕಷ್ಟದ್ದೇನಲ್ಲ. ರೋಗಿ ಬಂದ ಕೂಡಲೇ ಕಂಪ್ಯೂಟರಿನಲ್ಲಿ ಅವರ ಹೆಸರಿಗೆ ಆ ದಿನದ ಭೇಟಿಯನ್ನು ತೆರೆಯಬೇಕು. ಒಳಗಿನಿಂದ ನರ್ಸ್ ಚೀಟಿ ಕಳಿಸಿದ ಹಾಗೆಲ್ಲ ಡ್ರೆಸ್ಸಿಂಗ್, ಸಲೈನ್, ಇಂಜೆಕ್ಷನ್ ಎಂದು ಒಂದೊಂದೇ ಸಾಲು ಸೇರಿಸುತ್ತ ಹೋಗಬೇಕು. ಹೊರಡುವಾಗ ಪ್ರಿಂಟ್ ತೆಗೆದು ಕೊಟ್ಟು ಭೇಟಿಯನ್ನು ಮುಚ್ಚಬೇಕು. ಆ ಕಾಗದ ಬಿಲ್ಲೂ ಹೌದು, ಯಾವ ಗಂಟೆಗೆ ಯಾವ ಚಿಕಿತ್ಸೆ ಕೊಟ್ಟರು ಎಂಬ ಪಟ್ಟಿಯೂ ಹೌದು. ಮುಚ್ಚುವ ತನಕ ಯಾವ ಸಾಲನ್ನಾದರೂ ಬದಲಾಯಿಸಬಹುದು. ಪ್ರತಿ ಸಾಲಿನ ಕೊನೆಗೆ ಒಂದು ಪುಟ್ಟ ಪೆನ್ಸಿಲ್ ಗುರುತು ಇರುತ್ತದೆ. ಅದನ್ನು ಒತ್ತಿ, ಹಳೆಯದನ್ನು ಒರೆಸಿ, ಹೊಸದನ್ನು ಬರೆದರೆ ಆಯಿತು. ‘ರದ್ದು’ ಎಂದು ಇನ್ನೊಂದು ಗುಂಡಿಯೂ ಇತ್ತು. ಅದನ್ನು ಒತ್ತಿದರೆ ಸಾಲು ಮಾಯವಾಗುವುದಿಲ್ಲ, ಮೇಲೊಂದು ಗೆರೆ ಬಿದ್ದು ಅಲ್ಲೇ ಉಳಿಯುತ್ತದೆ. ಯಾಕೆ ರದ್ದು ಎಂದು ಕಾರಣ ಬರೆಯಬೇಕು, ಮೇಲಿನವರು ಒಪ್ಪಬೇಕು. ಆ ಗುಂಡಿಯ ಗೊಡವೆಗೆ ನಾವು ಯಾರೂ ಹೋಗುತ್ತಿರಲಿಲ್ಲ.

ಆ ಹೆಣ್ಣುಮಗಳು ಬಂದದ್ದು ಭತ್ತದ ಕೊಯ್ಲು ನಡೆದಿದ್ದ ದಿನಗಳಲ್ಲಿ. ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯವಳು, ಕೂಲಿಯವಳು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಗದ್ದೆಯ ಕೂಳೆ ಅಂಗಾಲಿಗೆ ಚುಚ್ಚಿ ಕೀವು ತುಂಬಿ, ಪಾದ ಊದಿ ಕಣಕಾಲಿನವರೆಗೂ ಕೆಂಪಾಗಿತ್ತು. ಅತ್ತೆಯ ಹೆಗಲ ಮೇಲೆ ಕೈ ಹಾಕಿಕೊಂಡು ಒಂದೇ ಕಾಲಲ್ಲಿ ಕುಪ್ಪಳಿಸುತ್ತ ಒಳಗೆ ಬಂದಳು. ನಾನು ಹೆಸರು, ಊರು, ಗಂಡನ ಹೆಸರು ಕೇಳಿ ಬರೆದುಕೊಂಡೆ. ವಯಸ್ಸು ಕೇಳಿದಾಗ ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು.

“ನಮ್ಮ ಮನಿಗಿ ಬಂದು ಏಳು ವರ್ಷ ಆತು ನೋಡ್ರಿ. ಅಲ್ಲಿಂದ ನೀವಽ ಹಿಡೀರಿ,” ಎಂದಳು ಅತ್ತೆ.

ಗಾಯ ತೊಳೆದು, ಕೀವು ತೆಗೆದು, ಅವಳನ್ನು ಒಳಗೆ ಮಲಗಿಸಿದರು. ಹನ್ನೊಂದು ಗಂಟೆಯ ಹೊತ್ತಿಗೆ ಮೊದಲ ಚೀಟಿ ಬಂತು. ಅದರಲ್ಲಿ ಸೋಂಕಿಗೆ ಕೊಡುವ ಒಂದು ಇಂಜೆಕ್ಷನ್ ಇತ್ತು. ದಿನಕ್ಕೆ ಹತ್ತು ಹದಿನೈದು ಜನರ ಹೆಸರಿಗೆ ನಾನು ಬರೆಯುತ್ತಿದ್ದದ್ದೇ ಅದು, ಹೊಸದೇನಲ್ಲ. ಸಾಲು ಸೇರಿಸಿದೆ. ಐದು ನಿಮಿಷವೂ ಆಗಿರಲಿಕ್ಕಿಲ್ಲ, ಒಳಗೆ ಗದ್ದಲವಾಯಿತು. ನರ್ಸ್ ಓಡಿದಳು, ಡಾಕ್ಟರು ತಾವು ನೋಡುತ್ತಿದ್ದ ರೋಗಿಯನ್ನು ಅಲ್ಲೇ ಬಿಟ್ಟು ಓಡಿದರು. ಅತ್ತೆ ಬಾಗಿಲಲ್ಲಿ ನಿಂತು, “ಯವ್ವಾ, ಆಕಿ ಮಾರಿ ನೋಡ್ರಿ, ಉಸುರು ಹಿಡಿಯವಲ್ದು!” ಎಂದು ಕೂಗುತ್ತಿದ್ದುದು ನನ್ನ ಕಿಟಕಿಯ ತನಕ ಕೇಳಿಸಿತು. ಆ ಇಂಜೆಕ್ಷನ್ ಅವಳಿಗೆ ಒಗ್ಗಿರಲಿಲ್ಲ. ತುಟಿ, ಕಣ್ಣು, ಗಂಟಲು ಎಲ್ಲ ಊದಿಕೊಂಡಿದ್ದವು. ಅರ್ಧದಲ್ಲೇ ಸೂಜಿ ಹೊರಗೆಳೆದು, ಆ ಊತ ಇಳಿಸಲು ಒಂದರ ಮೇಲೊಂದು ನಾಲ್ಕು ಇಂಜೆಕ್ಷನ್ ಕೊಟ್ಟರು, ಆಕ್ಸಿಜನ್ ಹಚ್ಚಿದರು. ಅವುಗಳ ಚೀಟಿಗಳು ಬಂದಂತೆ ನಾನು ಬರೆಯುತ್ತ ಹೋದೆ.

ಮಧ್ಯಾಹ್ನ ಎರಡರ ಹೊತ್ತಿಗೆ ಅವಳು ಎದ್ದು ಕೂತು ಚಹಾ ಕುಡಿದಳು. ಆಮೇಲೆ ಡಾಕ್ಟರು ಎದುರಿಗೇ ನಿಂತು, ಸೋಂಕಿಗೆ ಬೇರೆ ಜಾತಿಯ ಇನ್ನೊಂದು ಇಂಜೆಕ್ಷನ್ ಕೊಡಿಸಿದರು. ಅದು ಒಗ್ಗಿತು. ಸಂಜೆ ಮನೆಗೆ ಹೋಗಬಹುದು ಎಂದರು. ಅವಳನ್ನು ನನ್ನ ಕಿಟಕಿಯ ಎದುರಿನ ಬೆಂಚಿನ ಮೇಲೆ ಕೂರಿಸಿದ್ದರು. ನನ್ನ ಕಡೆ ನೋಡಿ, “ಅಕ್ಕಾರ, ನನ್ನ ಮಾರಿ ಇನ್ನೂ ದಪ್ಪ ಅದೇನ್ರಿ?” ಎಂದು ಕೇಳಿದಳು. “ಇಲ್ಲಮ್ಮಾ, ಇಳಿದೈತಿ,” ಎಂದೆ. “ನನ್ನ ಮಗಳು ಗುರ್ತು ಹಿಡೀತಾಳಲ್ಲ, ಅಷ್ಟಾದ್ರ ಸಾಕು,” ಎಂದು ನಕ್ಕಳು. ನಕ್ಕರೆ ಕೆನ್ನೆ ಇನ್ನೂ ನೋಯುತ್ತಿತ್ತೇನೋ, ಅಂಗೈಯಿಂದ ಒತ್ತಿ ಹಿಡಿದುಕೊಂಡಳು.

ಡಾಕ್ಟರು ಹೊರಗೆ ಬಂದು ಅತ್ತೆಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ.

“ಮೊದಲು ಕೊಟ್ಟ ಇಂಜೆಕ್ಷನ್ ಈಕೆಗೆ ಆಗಿಬರೂದಿಲ್ಲ. ಮತ್ತೆ ಯಾವತ್ತೂ ಕೊಡಿಸಬಾರದು. ಈಗ ಕಾಗದ ಕೊಡ್ತಾರ, ಅದರಾಗ ಎಲ್ಲ ಇರ್ತದ. ಎಲ್ಲೇ ಹೋಗ್ರಿ, ಮೊದಲು ಆ ಕಾಗದ ತೋರಿಸ್ರಿ.”

“ಆತ್ರಿ ಸಾಹೇಬ್ರ, ಜ್ವಾಪಾನ ಮಾಡ್ತೀವಿ,” ಎಂದು ಅತ್ತೆ ಕೈ ಮುಗಿದಳು.

ಅವರು ಒಳಗೆ ಹೋದ ಮೇಲೆ ಅತ್ತೆ ಕಿಟಕಿಗೆ ಬಂದಳು. ಎರಡನೆಯ ಇಂಜೆಕ್ಷನ್ನಿನ ಚೀಟಿ ಆಗಷ್ಟೇ ನನ್ನ ಕೈಗೆ ಬಂದಿತ್ತು, ಇನ್ನೂ ಬರೆದಿರಲಿಲ್ಲ. ಏನೇನು ಬರೆದಿದೆ ಓದಿ ಹೇಳು ಎಂದಳು. ಪರದೆ ನೋಡಿಕೊಂಡು ಓದಿದೆ. ಮೊದಲ ಇಂಜೆಕ್ಷನ್ನಿನ ಹೆಸರು ಬಂದಾಗ ತಡೆದಳು.

“ಅದಽ ಏನವ್ವಾ ಆಕಿನ್ನ ಕೊಲ್ಲಾಕ ಬಂದಿದ್ದು? ಅದಕ್ಕೂ ನಾವಽ ಕೊಡಬೇಕಾ? ಅರ್ಧ ಸೈತ ಹೋಗಿಲ್ಲ ಮೈಯಾಗ. ಅದನ್ನ ತೆಗಿ ನಮ್ಮವ್ವಾ, ಪುಣ್ಯ ಬರ್ತದ.”

ಬೆಳಿಗ್ಗೆಯಿಂದ ಅವಳು ಪಟ್ಟ ಪಾಡನ್ನು ನೋಡಿದ್ದೆ. ಹೇಳುವುದರಲ್ಲಿ ನ್ಯಾಯವಿದೆ ಎನಿಸಿತು. ನಮ್ಮ ವಿಭಾಗಕ್ಕೆ ಮೇಲ್ವಿಚಾರಕಿಯಾಗಿದ್ದ ಮೇಡಂ ಹಿಂದಿನ ಮೇಜಿನಲ್ಲಿ ಕೂತಿದ್ದರು. ಅವರನ್ನು ಕೇಳಿದೆ. ಅವರು ತಲೆ ಎತ್ತದೆಯೇ, “ಪೂರ್ತಿ ಕೊಟ್ಟಿಲ್ಲಲ್ಲ, ತೆಗೆದುಬಿಡು. ರದ್ದು ಗಿದ್ದು ಹಾಕಿ ಕೂಡಬೇಡ, ಆ ಸಾಲಿನ ಮ್ಯಾಲೇ ಎರಡನೇದು ಬರಿ,” ಎಂದರು.

ಪೆನ್ಸಿಲ್ ಗುರುತು ಒತ್ತಿದೆ. ಮೊದಲನೆಯದರ ಹೆಸರು ಒರೆಸಿ ಎರಡನೆಯದರ ಹೆಸರು ಬರೆದೆ. ಗಂಟೆ ಮಾತ್ರ ಹನ್ನೊಂದು ಅಂತಲೇ ಉಳಿಯಿತು. ಗಂಟೆ ಬದಲಿಸಲು ಇನ್ನೊಂದು ಪುಟ ತೆರೆಯಬೇಕಿತ್ತು. ಹಿಂದೆ ಜನ ನಿಂತಿದ್ದರು. ಪ್ರಿಂಟ್ ತೆಗೆದೆ, ಭೇಟಿಯನ್ನು ಮುಚ್ಚಿದೆ. ಅತ್ತೆ ಕಾಗದವನ್ನು ಸೊಸೆಯ ಕೈಗೆ ಕೊಟ್ಟಳು. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ, ರೇಷನ್ ಕಾರ್ಡಿನ ನಕಲು ಇದ್ದ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು, ಚೀಲವನ್ನು ಕುಪ್ಪಸದೊಳಗೆ ಸೇರಿಸಿದಳು. ಅವಳನ್ನು ಮತ್ತೆ ನಾನು ನೋಡಲಿಲ್ಲ.

ಈಗ ಆ ಕಾಗದವನ್ನು ಓದಿದವರಿಗೆ ಏನು ಕಾಣಿಸುತ್ತದೆ? ಹನ್ನೊಂದು ಗಂಟೆಗೆ ಎರಡನೆಯ ಇಂಜೆಕ್ಷನ್. ಅದರ ಕೆಳಗೆ ಊತ ಇಳಿಸುವ ನಾಲ್ಕು ಇಂಜೆಕ್ಷನ್, ಆಕ್ಸಿಜನ್. ಅಂದರೆ ಒಗ್ಗದೇ ಹೋದದ್ದು ಎರಡನೆಯದು. ನಿಜವಾಗಿ ಜೀವಕ್ಕೆ ಬಂದದ್ದರ ಹೆಸರು ಎಲ್ಲಿಯೂ ಇಲ್ಲ. ಅಂದು ನನಗೆ ಇದು ಹೊಳೆಯಲೇ ಇಲ್ಲ. ಒಬ್ಬ ಬಡವಿಗೆ ಸಹಾಯ ಮಾಡಿದೆ ಎಂಬ ಸಮಾಧಾನದಲ್ಲಿ ಬಸ್ಸು ಹತ್ತಿದ್ದೆ.

ಇನ್ನೊಂದು ಕೊಯ್ಲು ಬರಲು ತಿಂಗಳೊಪ್ಪತ್ತು ಇತ್ತು. ಒಂದು ಮಧ್ಯಾಹ್ನ ಡಾಕ್ಟರು ನನ್ನನ್ನೂ ಮೇಡಂ ಅವರನ್ನೂ ತಮ್ಮ ಕೋಣೆಗೆ ಕರೆಸಿದರು. ಮೇಜಿನ ಮೇಲೆ ಹಳೆಯ ಕೇಸ್ ಶೀಟ್ ಇತ್ತು, ಅಂದರೆ ಚಿಕಿತ್ಸೆ ಮಾಡುವಾಗ ನರ್ಸ್ ಕೈಯಲ್ಲಿ ಬರೆಯುವ, ಆಸ್ಪತ್ರೆಯಲ್ಲೇ ಉಳಿಯುವ ಹಾಳೆ. ಮಾನ್ವಿಯ ಒಂದು ಸಣ್ಣ ದವಾಖಾನೆಯ ಡಾಕ್ಟರು ಆಗಷ್ಟೇ ಫೋನ್ ಮಾಡಿದ್ದರಂತೆ.

ನಡೆದದ್ದು ಇದು. ಅವಳು ತವರಿಗೆ ಬಂದಿದ್ದಳು. ತವರು ಮಾನ್ವಿ ತಾಲ್ಲೂಕಿನ ಮಲ್ಲಟ. ಅಣ್ಣನ ಮಗುವಿಗೆ ಹೆಸರಿಡುವ ದಿನ ಅವಳಿಗೆ ಜ್ವರ, ಕೆಮ್ಮು. ಎರಡು ದಿನವಾದರೂ ಇಳಿಯದಿದ್ದಾಗ ತಾಯಿ ಮಾನ್ವಿಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರು, ಒಗ್ಗದ ಔಷಧ ಏನಾದರೂ ಇದೆಯೇ ಎಂದು ಕೇಳಿದರು. ತಾಯಿಯೇ ಮಗಳ ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆದು ಕೊಟ್ಟಳು. ಅವರು ಅದನ್ನು ಕೂತು ಓದಿದರು. ಹನ್ನೊಂದು ಗಂಟೆಯ ಸಾಲಿನಲ್ಲಿದ್ದ ಇಂಜೆಕ್ಷನ್ ಬೇಡವೆಂದು ಬಿಟ್ಟು ಬೇರೆಯದನ್ನು ಆರಿಸಿದರು. ಚರ್ಮಕ್ಕೆ ಒಂದು ತೊಟ್ಟು ಹಾಕಿ ಪರೀಕ್ಷೆಯನ್ನೂ ಮಾಡಿದರು, ಏನೂ ಏಳಲಿಲ್ಲ. ಅವರು ಆರಿಸಿದ್ದು ಅದನ್ನೇ, ನಾನು ಒರೆಸಿದ್ದನ್ನು. ಈ ಸಲ ಅದು ಪೂರ್ತಿ ಮೈಗೆ ಹೋಯಿತು. ಮಾನ್ವಿಯಿಂದ ರಾಯಚೂರಿಗೆ ಸಾಗಿಸುವಾಗ ದಾರಿಯಲ್ಲೇ ಅವಳು ತೀರಿಕೊಂಡಳು.

ಡಾಕ್ಟರು ಕೇಸ್ ಶೀಟಿನ ಮೇಲೆ ಬೆರಳಿಟ್ಟರು. “ಇಲ್ಲಿ ಬರೆದದ. ನಿಮ್ಮ ಕಾಗದದಾಗ ಯಾಕಿಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಮೇಡಂ, “ನೋಡ್ತೀವಿ ಸರ್. ಎಂಟ್ರಿ ಮಾಡೂದ್ರಾಗ ಏನೋ ಆಗಿರಬೇಕು,” ಎಂದು ನನ್ನ ತೋಳು ಹಿಡಿದು ಹೊರಗೆ ಕರೆತಂದರು.

ಮೇಡಂ ನನ್ನ ಕುರ್ಚಿಯಲ್ಲೇ ಕೂತು, ತಮ್ಮ ಪಾಸ್‌ವರ್ಡ್ ಹಾಕಿ ಆ ಹಳೆಯ ಭೇಟಿಯನ್ನು ತೆರೆದರು. ಆಮೇಲೆ ಎದ್ದು ನನ್ನನ್ನು ಕೂರಿಸಿದರು. ಸಾಲಿನ ಪಕ್ಕದಲ್ಲಿ ಕೊನೆಗೆ ಬದಲಿಸಿದವರು ಯಾರು ಎಂಬಲ್ಲಿ ನನ್ನ ಹೆಸರು ಇತ್ತು.

“ಕೇಸ್ ಶೀಟಿನಾಗ ಹ್ಯಾಂಗ ಅದ ಹಂಗಽ ಬರಿ. ಸರಿ ಇದ್ದದ್ದನ್ನಽ ಬರಿಯಾಕತ್ತೀವಿ, ಸುಳ್ಳೇನಲ್ಲ.”

“ಮೇಡಂ, ಈಗ ಬರೆದ್ರ...”

“ಬರಿ ಅಂದೆ. ನಿನ್ನ ಸಲುವಾಗಿಯೇ ಹೇಳಾಕತ್ತೀನಿ.”

ಬರೆದೆ. ಹನ್ನೊಂದು ಗಂಟೆಗೆ ಮೊದಲನೆಯದು, ಮಧ್ಯಾಹ್ನಕ್ಕೆ ಎರಡನೆಯದು, ಪಕ್ಕದಲ್ಲಿ ‘ಒಗ್ಗುವುದಿಲ್ಲ’ ಎಂಬ ಟಿಪ್ಪಣಿ. ಪರದೆಯ ಮೇಲೆ ಈಗ ಒಂದಕ್ಷರ ಸುಳ್ಳಿರಲಿಲ್ಲ. ಮೊದಲಿನಿಂದಲೂ ಹಾಗೇ ಇತ್ತು ಎನ್ನುವಂತೆ ಕಾಣುತ್ತಿತ್ತು. ತಪ್ಪು ಉಳಿದದ್ದು ಮಲ್ಲಟದಲ್ಲಿದ್ದ ಆ ಮಡಿಸಿದ ಕಾಗದದಲ್ಲಿ ಮಾತ್ರ.

ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವರು ಊಟದ ತಟ್ಟೆ ಸರಿಸಿದರು. “ನೀ ಕೊಟ್ಟಿಲ್ಲಲ್ಲ ಸೂಜಿ. ಬಾಯಿ ಮುಚ್ಚಿಕೊಂಡಿರು,” ಎಂದರು. ಅವರದು ಹೆದರಿಕೆ. ನನ್ನದೂ ಅದೇ. ದಿನಾ ಕೆಲಸಕ್ಕೆ ಹೋದೆ, ದಿನಾ ಸಾಲು ಬರೆದೆ. ಯಾರಾದರೂ ‘ಇದೊಂದು ತೆಗಿ’ ಎಂದರೆ ಚೀಟಿಯನ್ನು ಎರಡೆರಡು ಸಲ ಓದುತ್ತಿದ್ದೆ, ಅಷ್ಟೇ.

ಹದಿನೈದು ದಿನ ಕಳೆದ ಮೇಲೆ ಅವಳ ತಾಯಿ ಬಂದಳು. ಒಬ್ಬಳೇ ಬಂದಿದ್ದಳು. ಕಿಟಕಿಯ ಮುಂದೆ ನಿಂತು ಅದೇ ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆದು ಒಳಗೆ ತೂರಿಸಿದಳು. ಬೆರಳುಗಳು ಕಪ್ಪಾಗಿ ಬಿರುಕು ಬಿಟ್ಟಿದ್ದವು.

“ಯವ್ವಾ, ಇದನ್ನ ಒಂದೀಟು ಓದಿ ಹೇಳು. ನನ್ನ ಮಗಳಿಗಿ ಯಾವ ಸೂಜಿ ಆಗಿಬರಂಗಿಲ್ಲ ಅಂತ ಬರದದ ಇದರಾಗ?”

ನನಗೆ ಗುರುತು ಹತ್ತಿತು. ನಾನು ಕಾಗದ ಮುಟ್ಟುವ ಮೊದಲೇ ಮೇಡಂ ಹಿಂದಿನಿಂದ ಬಂದು ಅದನ್ನು ತೆಗೆದುಕೊಂಡರು. ಪರದೆಯಿಂದ ಹೊಸ ಪ್ರಿಂಟ್ ತೆಗೆದು ಅವಳ ಮುಂದಿಟ್ಟರು.

“ನೋಡಮ್ಮಾ, ನಮ್ಮ ಕಂಪ್ಯೂಟರಿನಾಗ ಸರಿಯಾಗಿ ಅದ. ಇಲ್ಲಿ ನೋಡು, ಒಗ್ಗುವುದಿಲ್ಲ ಅಂತ ಸ್ಪಷ್ಟ ಬರೆದದ. ನೀವು ಅಲ್ಲಿ ಯಾವ ಕಾಗದ ತೋರಿಸಿದ್ರೋ ಏನೋ.”

ತಾಯಿ ಹೊಸ ಕಾಗದವನ್ನು ನೋಡಿದಳು, ಮೇಡಂ ಮುಖ ನೋಡಿದಳು. “ನಮ್ಮ ಮನ್ಯಾಗ ಇರೂದು ಇದೊಂದಽ ಕಾಗ್ದ್ರೀ. ನನಗ ಓದಾಕ ಬರಂಗಿಲ್ಲ. ಹಂಗಾದ್ರ ನಾನಽ ಬ್ಯಾರೆ ಏನರ ತೋರಿಸಿದ್ನೇನ?”

“ಅದು ನನಗ ಹ್ಯಾಂಗ ಗೊತ್ತಾಗಬೇಕಮ್ಮಾ?”

“ಬೀಗರೂ ಇದನ್ನಽ ಅನ್ನಾಕತ್ತಾರ. ಡಾಕ್ಟರ ಮಾತು ಕೇಳದ ನೀನಽ ಏನೋ ಮಾಡಿ ಕೊಂದಿ ಅಂತಾರ. ಮಮ್ಮಗಳ ಮಾರಿ ನೋಡಾಕ ಸೈತ ಬಿಡವಲ್ರು. ನಾ ಏನೂ ಮಾಡಿಲ್ಲ ಅಂತ ಅನ್ಕೊಂಡಿದ್ದೆ...” ಅಳಲಿಲ್ಲ. ಹೊಸ ಕಾಗದವನ್ನು ಹಳೆಯದರಂತೆಯೇ ನಾಲ್ಕು ಮಡಿಕೆ ಮಾಡಿ ಚೀಲದೊಳಗಿಟ್ಟಳು. ಹಿಂದಿನ ಜನಕ್ಕೆ ದಾರಿ ಬಿಟ್ಟು ಗೋಡೆಗೆ ಆನಿಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೋದಳು.

ಅವಳಿಗೂ ನನಗೂ ನಡುವೆ ಎರಡು ಮೊಳ ದೂರವಿತ್ತು. ನಾನು ಕೀಲಿಮಣೆಯ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದೆ. ಎದ್ದು ಹೊರಗೆ ಓಡಿದಾಗ ಬೀದಿಯಲ್ಲಿ ಎಲ್ಲೂ ಕಾಣಲಿಲ್ಲ. ಆಟೋ ಹತ್ತಿ ಬಸ್‌ ನಿಲ್ದಾಣದ ತನಕ ಹೋದೆ. ಮಾನ್ವಿ ಬಸ್ಸು ಹೊರಟು ಹೋಗಿತ್ತು.

ತಿರುಗಿ ಬಂದಾಗ ಹಳೆಯ ಕಾಗದ ಮೇಡಂ ಮೇಜಿನ ಪಕ್ಕದ ಡಬ್ಬಿಯಲ್ಲಿ ಬಿದ್ದಿತ್ತು. ಹರಿದಿರಲಿಲ್ಲ, ಮುದ್ದೆ ಮಾಡಿದ್ದರು. ಅವರು ಊಟಕ್ಕೆ ಹೋದಾಗ ಅದನ್ನೆತ್ತಿ ನನ್ನ ಬುತ್ತಿಯ ಚೀಲದಲ್ಲಿ ಇಟ್ಟುಕೊಂಡೆ.

ಮಗಳನ್ನು ಕಳೆದುಕೊಂಡವಳು, ಈಗ ತಾನೇ ಕೊಂದೆನೇನೋ ಎಂದು ನಂಬತೊಡಗಿದ್ದಳು. ಇಷ್ಟು ದಿನ ನನ್ನ ಹೆದರಿಕೆ ನನ್ನ ಕುರಿತಾಗಿತ್ತು. ಅವಳು ಗೋಡೆಗೆ ಆನಿ ನಿಂತದ್ದನ್ನು ನೋಡಿದ ಮೇಲೆ ಅದು ಹಾಗೆ ಉಳಿಯಲಿಲ್ಲ. ಮಲ್ಲಟದಲ್ಲಿ ಅವಳ ಮನೆ ಎಲ್ಲಿ ಎಂದು ನನಗೆ ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಇದ್ದದ್ದು ಮಗಳ ಗಂಡನ ಮನೆಯ ವಿಳಾಸ. ಮುಂದಿನ ಭಾನುವಾರ ನನ್ನ ಗಂಡನಿಗೆ ಹೇಳಿಯೇ ದೇವದುರ್ಗದ ಬಸ್ಸು ಹತ್ತಿದೆ. ಅವರು ಬೇಡವೆನ್ನಲಿಲ್ಲ, ಬರುತ್ತೇನೆಂದೂ ಅನ್ನಲಿಲ್ಲ.

ದೇವದುರ್ಗದಲ್ಲಿ ಇಳಿದು ಟಂಟಂ ಆಟೋ ಹಿಡಿದು ಆ ಹಳ್ಳಿಗೆ ಹೋದೆ. ಅತ್ತೆ ಅಂಗಳದಲ್ಲಿ ಮೊಮ್ಮಗಳ ತಲೆ ಬಾಚುತ್ತಿದ್ದಳು. ಹುಡುಗಿಗೆ ಆರು ವರ್ಷವಿರಬೇಕು. ಅತ್ತೆ ನನ್ನನ್ನು ಗುರುತಿಸಲಿಲ್ಲ. ರಾಯಚೂರು ದವಾಖಾನೆಯ ಕಿಟಕಿಯಲ್ಲಿ ಕೂತಿದ್ದವಳು ಎಂದಾಗ ಮುಖ ಬಿಗಿಯಿತು, ಆದರೂ ಕೂರಲು ಗೋಣಿತಟ್ಟು ಹಾಸಿದಳು. ಮಗ ಕೆಲಸಕ್ಕೆ ಹೋಗಿದ್ದಾನೆ, ಸಂಜೆಗೆ ಬರುತ್ತಾನೆ ಎಂದಳು. ಹುಡುಗಿಯನ್ನು ಪಕ್ಕದ ಮನೆಗೆ ಕಳಿಸುವಂತೆ ನಾನೇ ಕೇಳಿಕೊಂಡೆ.

ಹಳೆಯ ಕಾಗದವನ್ನು ನೆಲದ ಮೇಲೆ ಹರವಿ, ಸುಕ್ಕು ನೀವಿ, ಹೇಳಿದೆ. ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ, ಅವು ಯಾವುವೂ ನೆನಪಿಗೆ ಬರಲಿಲ್ಲ.

“ಯವ್ವಾ, ನಿಮ್ಮ ಬೀಗ್ತಿ ತಪ್ಪು ಮಾಡಿಲ್ಲ. ಆಕಿ ತೋರಿಸಿದ ಕಾಗದ ಇದಽ. ತಪ್ಪು ಈ ಕಾಗದದಾಗ ಅದ. ನಿಮ್ಮ ಸೊಸಿಗೆ ಒಗ್ಗದ ಇಂಜೆಕ್ಷನ್ ಹೆಸರು ಇದರಾಗ ಇಲ್ಲ. ನಾನಽ ತೆಗೆದೆ. ಅದರ ಜಾಗಕ್ಕ ಬ್ಯಾರೆ ಹೆಸರು ಬರೆದೆ. ಮಾನ್ವಿ ಡಾಕ್ಟರು ಇದನ್ನ ಓದಿ, ಒಗ್ಗದ್ದನ್ನಽ ಕೊಟ್ರು.”

ಅಷ್ಟೇ ಹೇಳಬೇಕೆಂದು ಬಂದಿದ್ದೆ. ಯಾಕೆ ತೆಗೆದೆ ಎಂಬುದನ್ನು ಹೇಳಬಾರದೆಂದು ಗಟ್ಟಿ ಮಾಡಿಕೊಂಡಿದ್ದೆ. ಅವಳು ಕೇಳಿದರೆ, ಅವಸರದಲ್ಲಿ ತಪ್ಪಾಯಿತು ಎನ್ನಬೇಕು ಎಂದುಕೊಂಡಿದ್ದೆ.

ಅವಳು ಕೇಳಲಿಲ್ಲ. ಕಾಗದವನ್ನು ದಿಟ್ಟಿಸುತ್ತ ಕೂತಳು. ಬಾಚಣಿಗೆ ಇನ್ನೂ ಕೈಯಲ್ಲೇ ಇತ್ತು. ಆಮೇಲೆ ಮೆಲ್ಲಗೆ ನನ್ನ ಕಡೆ ತಿರುಗಿದಳು.

“ನಾನಽ ಅಂದಿದ್ನಲ್ಲ.”

ನಾನು ಕಾಗದದ ಸುಕ್ಕನ್ನು ಮತ್ತೆ ನೀವಿದೆ.

“ಅದನ್ನ ತೆಗಿ ಅಂತ ನಾನಽ ಅಂದಿದ್ನಲ್ಲ ನಿನಗ. ಕಿಟಕ್ಯಾಗ ಕೈ ಇಟ್ಟು. ಪುಣ್ಯ ಬರ್ತದ ಅಂದೆ.”

“ಯವ್ವಾ, ನಿಮಗ ಗೊತ್ತಿರಲಿಲ್ಲ. ಗೊತ್ತಿರಬೇಕಾದಾಕಿ ನಾನು. ಅದು ನನ್ನ ಕೆಲಸ.”

“ನಾನಽ ಅಂದಿದ್ದೆ,” ಎಂದಳು ಮತ್ತೆ. ನನ್ನ ಮಾತು ಅವಳ ಕಿವಿಗೆ ಬಿದ್ದಂತಿರಲಿಲ್ಲ. “ಇಷ್ಟು ದಿನ ಬೀಗ್ತಿನ್ನ ಬೈದೆ. ಮಣ್ಣಿಗೆ ಬಂದಾಗ ಎಲ್ಲಾರ ಮುಂದ ಬೈದೆ. ಕೂಸಿನ್ನ ಕಸಗೊಂಡೆ.” ಬಾಚಣಿಗೆಯ ಹಲ್ಲುಗಳನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಒಂದು ಹಲ್ಲು ಮುರಿದು ಬಿತ್ತು. ಅದನ್ನು ಎತ್ತಿ ಅಂಗೈಯಲ್ಲಿಟ್ಟು ನೋಡುತ್ತ ಕೂತಳು.

ನನ್ನನ್ನು ಬೈಯುತ್ತಾಳೆ, ಹೊಡೆಯುತ್ತಾಳೆ, ಜನ ಕೂಡಿಸುತ್ತಾಳೆ ಎಂದೆಲ್ಲ ಎಣಿಸಿ ಬಂದಿದ್ದೆ. ಯಾವುದೂ ಆಗಲಿಲ್ಲ. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಸಂಜೆ ಅವಳ ಮಗ ಬಂದ. ಗಿಡ್ಡ, ಮೌನದ ಮನುಷ್ಯ. ಅವನಿಗೂ ಎಲ್ಲ ಹೇಳಿದೆ. ಅತ್ತೆ ತನ್ನ ಪಾಲನ್ನು ತಾನೇ ಹೇಳಿದಳು, ನಾನು ತಡೆದರೂ ಕೇಳಲಿಲ್ಲ. ಅವನು ಗೋಡೆ ನೋಡುತ್ತ ಕೇಳಿಸಿಕೊಂಡ. ಕೊನೆಗೆ, “ನೀವು ಹೇಳಿದ್ದನ್ನ ಬರದು ಕೊಡ್ತೀರೇನ್ರಿ?” ಎಂದ. ಬರೆದುಕೊಟ್ಟೆ. ಮಗಳ ನೋಟ್‌ಬುಕ್ಕಿನ ಎರಡು ಹಾಳೆ ಹರಿದು ತಂದಿದ್ದ. ನಡೆದದ್ದನ್ನು ನಡೆದಂತೆ ಬರೆದು, ಕೆಳಗೆ ಸಹಿ ಹಾಕಿ, ಹಳೆಯ ಕಾಗದವನ್ನೂ ಜೊತೆಗಿಟ್ಟೆ. ಅವನ ತಾಯಿಯ ಮಾತನ್ನು ಅದರಲ್ಲಿ ಬರೆಯಲಿಲ್ಲ. ಅವನು ಓದಿ, ಅದು ಇಲ್ಲದ್ದನ್ನು ಗಮನಿಸಿ, ತಾಯಿಯ ಕಡೆ ಒಮ್ಮೆ ನೋಡಿ, ಮಡಿಸಿ ಜೇಬಿಗೆ ಹಾಕಿಕೊಂಡ. ಕೊನೆಯ ಬಸ್ಸಿಗೆ ಮೋಟರ್ ಸೈಕಲ್ಲಿನ ಮೇಲೆ ದೇವದುರ್ಗದ ತನಕ ಬಿಟ್ಟು ಹೋದ.

ಹೊರಡುವಾಗ ಅತ್ತೆ ನನ್ನ ಕೈ ಹಿಡಿದು ಹೇಳಿದ್ದಳು: “ಮಲ್ಲಟಕ್ಕ ನಾ ಹೋಗಬೇಕು. ನೀನೂ ಬಾ. ನನ್ನ ಬಾಯಿಲೆ ಹೇಳಾಕ ಆಗಂಗಿಲ್ಲ.”

ಮರುದಿನ ಡಾಕ್ಟರ ಕೋಣೆಗೆ ಹೋಗಿ, ಪೆನ್ಸಿಲ್ ಒತ್ತಿದ್ದರಿಂದ ಹಿಡಿದು ಬರೆದುಕೊಟ್ಟು ಬಂದದ್ದರ ತನಕ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ಆ ಕಾಗದದ ಮೇಲೆ ನಾನೇ ಕೈಯಿಂದ ಒಂದು ಸಾಲು ಬರೀಬೇಕಾಗಿತ್ತು. ಎರಡು ನಿಮಿಷದ ಕೆಲಸ,” ಎಂದರು. ಅಷ್ಟು ಹೇಳಿ, ಹೊರಗೆ ರೋಗಿಗಳಿದ್ದಾರೆ ಎಂದು ಎದ್ದರು. ಆ ವಾರದ ಕೊನೆಗೆ ನನಗೆ ನಾಳೆಯಿಂದ ಬರಬೇಡ ಎಂದರು. ಹೇಳಿದವರು ಮೇಡಂ. ನಾನು ಅವರನ್ನು ಕೇಳಿಯೇ ಸಾಲು ತೆಗೆದದ್ದು ನೆನಪಿದೆಯೇ ಎಂದೆ. “ದಿನಾ ನೂರು ಜನ ನೂರು ಕೇಳ್ತೀರಿ, ಯಾವುದಂತ ನೆನಪಿಡ್ಲಿ?” ಎಂದರು. ಸುಳ್ಳು ಹೇಳಿದರೆಂದು ನನಗೆ ಈಗಲೂ ಅನಿಸುವುದಿಲ್ಲ. ಅವರಿಗೆ ನಿಜವಾಗಿ ನೆನಪಿರಲಿಕ್ಕಿಲ್ಲ. ನನಗೂ ಉಳಿದ ದಿನಗಳ ಸಾಲುಗಳು ನೆನಪಿಲ್ಲ, ಎಷ್ಟು ಜನರ ಕಾಗದದಲ್ಲಿ ಏನೇನು ಬದಲಿಸಿದ್ದೇನೆಯೋ ತಿಳಿಯದು. ಆ ಯೋಚನೆ ಬಂದಾಗ ಅಡುಗೆಮನೆಯಲ್ಲಿ ಕೈ ಹಾಗೇ ನಿಂತುಬಿಡುತ್ತದೆ.

ಅದರ ಮುಂದಿನ ಭಾನುವಾರ ಮಲ್ಲಟಕ್ಕೆ ಹೋದೆವು. ನಾನು ರಾಯಚೂರಿನಿಂದ, ಅತ್ತೆ ಮೊಮ್ಮಗಳನ್ನು ಕರೆದುಕೊಂಡು ದೇವದುರ್ಗದಿಂದ. ಮಾನ್ವಿಯ ಬಸ್‌ ನಿಲ್ದಾಣದಲ್ಲಿ ಕೂಡಿಕೊಂಡು ಒಂದೇ ಬಸ್ಸಿನಲ್ಲಿ ಹೋದೆವು. ಹುಡುಗಿ ಕಿಟಕಿಯ ಪಕ್ಕ ಕೂತಿದ್ದಳು. ಕಾಲುವೆಯಲ್ಲಿ ನೀರು ಕಂಡಾಗ, “ಆಯಿ ಮನಿ ಬಂತು,” ಎಂದು ಅಜ್ಜಿಯ ಊರು ಗುರುತಿಸಿದಳು. ಅತ್ತೆ ದಾರಿಯಲ್ಲಿ ಎರಡು ಸಲ ಇಳಿದುಬಿಡೋಣ ಎಂದಳು. ಇಳಿಯಲಿಲ್ಲ.

ತಾಯಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಹುಡುಗಿಯನ್ನು ನೋಡಿದ್ದೇ ಅಕ್ಕಿ ಚೆಲ್ಲುವಂತೆ ಮೊರ ಬಿಟ್ಟು ಎದ್ದಳು. ಹುಡುಗಿ ಓಡಿ ಹೋಗಿ ಅವಳ ಸೊಂಟ ತಬ್ಬಿಕೊಂಡಳು. ನಾವು ಅಂಗಳದಲ್ಲೇ ನಿಂತೆವು. ನಾನು ಹೇಳಿದೆ. ಎರಡನೆಯ ಸಲ ಹೇಳುವಾಗ ಮಾತು ಸರಾಗವಾಗಿ ಬಂತು, ಅದಕ್ಕೇ ನಾಚಿಕೆಯಾಯಿತು. ನಾನು ನಿಲ್ಲಿಸಿದಲ್ಲಿಂದ ಅತ್ತೆ ಹೇಳಿದಳು: “ಆ ಹೆಸರು ತೆಗಿ ಅಂದಾಕಿ ನಾನು, ಬೀಗ್ತಿ. ನಿನ್ನ ಮ್ಯಾಲ ಹಾಕಿದೆ. ನಿನ್ನ ಕೂಸು ನಿನಗ ತಂದೀನಿ.”

ತಾಯಿ ಬಹಳ ಹೊತ್ತು ನಮ್ಮಿಬ್ಬರನ್ನೂ ನೋಡಿದಳು. ಹುಡುಗಿಯ ತಲೆಯ ಮೇಲೆ ಅವಳ ಕೈ ಇತ್ತು.

“ಅವತ್ತು ನಾ ಕೇಳಿದಾಗ ನೀ ಅಲ್ಲೇ ಇದ್ದಿ,” ಎಂದಳು ನನಗೆ.

“ಇದ್ದೆ.”

“ಸುಮ್ಮನ ಕುಂತಿದ್ದಿ.”

“ಹೂಂ ಯವ್ವಾ.”

“ಹದಿನೈದು ದಿನ ಆತು, ನಾ ಕೂಳು ಮುಟ್ಟಿದ್ರ ಮಗಳು ಕಣ್ಣಮುಂದ ಬರ್ತಾಳ. ನೀ ಕೊಂದಿ ಅಂತಾಳ. ನೀ ಅವತ್ತಽ ಒಂದು ಮಾತು ಅಂದಿದ್ರ...” ಹುಡುಗಿಯ ಕೈ ಹಿಡಿದುಕೊಂಡು ಒಳಗೆ ಹೋದಳು. ಬಾಗಿಲು ಹಾಕಿದಳು. ಒಳಗಿನಿಂದ ಅಗಳಿ ಸರಿಸಿದ ಸಪ್ಪಳ ಕೇಳಿತು.

ಅತ್ತೆ ಮೊರವನ್ನು ಎತ್ತಿ, ಚೆಲ್ಲಿದ ಅಕ್ಕಿಯನ್ನು ಬಳಿದು ತುಂಬಿ, ಕಟ್ಟೆಯ ಮೇಲಿಟ್ಟಳು. ಅರ್ಧ ತಾಸು ನಿಂತೆವು. ಯಾರೂ ಬರಲಿಲ್ಲ. ಬಸ್ಸಿಗೆ ನಡೆದೆವು. ಮಾನ್ವಿಯಲ್ಲಿ ಅವಳು ದೇವದುರ್ಗದ ಬಸ್ಸಿಗೆ, ನಾನು ರಾಯಚೂರಿನ ಬಸ್ಸಿಗೆ. ಹತ್ತುವಾಗ ಅವಳು, ಪಕ್ಕದಲ್ಲಿ ಹುಡುಗಿ ಇಲ್ಲವೆಂದು ಗೊತ್ತಿದ್ದರೂ, ತಿರುಗಿ ಕೈ ಚಾಚಿದಳು, ಆಮೇಲೆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಅತ್ತೆಯ ಮಗ ಜಿಲ್ಲಾ ಆರೋಗ್ಯ ಕಚೇರಿಗೆ ದೂರು ಕೊಟ್ಟ. ನನ್ನನ್ನು ಎರಡು ಸಲ ಕರೆಸಿ ಕೇಳಿದರು. ಬರೆದುಕೊಟ್ಟದ್ದನ್ನೇ ಹೇಳಿದೆ. ಆಸ್ಪತ್ರೆಯವರು ಆ ಸಾಲು ಬದಲಿಸಿದ್ದು ನಾನು ಎಂದು ತೋರಿಸಿದರು. ಅದು ನಿಜ. ಮಾನ್ವಿಯ ಡಾಕ್ಟರನ್ನೂ ಕರೆಸಿದ್ದರು. ಕಚೇರಿಯ ಮೆಟ್ಟಿಲ ಬಳಿ ಅವರು ನನ್ನ ಎದುರಿಗೆ ಬಂದು ನಿಂತು, “ನಾನು ಕಾಗದ ಓದಿದ್ದೆನಮ್ಮಾ. ಓದದೇ ಕೊಟ್ಟಿಲ್ಲ,” ಎಂದರು. “ಗೊತ್ತು ಸರ್,” ಎಂದೆ. ಅವರಿಗೆ ಬೇಕಾಗಿದ್ದದ್ದು ಆ ಮಾತೇ ಇರಬೇಕು, ತಲೆಯಾಡಿಸಿ ಇಳಿದು ಹೋದರು. ವಿಚಾರಣೆ ಇನ್ನೂ ಮುಗಿದಿಲ್ಲ.

ನಾನೀಗ ಯರಗೇರಾದಲ್ಲೇ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಕಾಲೇಜಿನ ಹುಡುಗರು ತಂದುಕೊಟ್ಟದ್ದನ್ನು ಇದ್ದಂತೆ ನಕಲು ತೆಗೆದು ಕೊಡುವುದು. ಹುಡುಗಿ ಮಲ್ಲಟದಲ್ಲೇ ಉಳಿದಿದ್ದಾಳೆ, ಅಲ್ಲಿಯ ಶಾಲೆಗೆ ಹೆಸರು ಹಚ್ಚಿದ್ದಾರೆ ಎಂದು ಅತ್ತೆ ಫೋನಿನಲ್ಲಿ ಹೇಳಿದಳು. ಅವಳು ಆಗಾಗ ಫೋನ್ ಮಾಡುತ್ತಾಳೆ. ಹೇಳುವುದಕ್ಕೆ ಇಬ್ಬರಿಗೂ ಏನೂ ಇರುವುದಿಲ್ಲ. ಉಂಡೇನು, ಮಳೆ ಬಂತೇನು ಎಂದು ಕೇಳಿ ಇಡುತ್ತಾಳೆ.

ಕಳೆದ ಬೇಸಿಗೆಯಲ್ಲಿ ಮದುವೆಯೊಂದಕ್ಕೆ ಹೋಗಿ ಬರುವಾಗ ಮಾನ್ವಿಯ ನಿಲ್ದಾಣದಲ್ಲಿ ಆ ತಾಯಿಯನ್ನು ಕಂಡೆ. ಹುಡುಗಿ ಜೊತೆಗಿದ್ದಳು, ಹೊಸ ಲಂಗ ತೊಟ್ಟಿದ್ದಳು. ಹುಡುಗಿಗೆ ನನ್ನ ಗುರುತು ಸಿಕ್ಕಿತು, ಬೆರಳು ಮಾಡಿ ತೋರಿಸಿದಳು. ತಾಯಿ ನನ್ನನ್ನು ನೋಡಿದಳು. ಆ ಬೆರಳನ್ನು ಮೆಲ್ಲಗೆ ಕೆಳಗಿಳಿಸಿ, ಹುಡುಗಿಯನ್ನು ತನ್ನ ಇನ್ನೊಂದು ಮಗ್ಗುಲಿಗೆ ಎಳೆದುಕೊಂಡು ರಾಯಚೂರಿನ ಬಸ್ಸು ಹತ್ತಿದಳು. ನಾನು ಹೋಗಬೇಕಾಗಿದ್ದದ್ದೂ ಅದೇ ಬಸ್ಸಿಗೆ. ಮುಂದಿನದಕ್ಕೆ ಒಂದು ತಾಸು ಕಾದೆ.